ವಿದ್ಯಾರ್ಥಿಗಳ ಕುಡಿತ ಮತ್ತು ಲೈಂಗಿಕ ಆರೋಗ್ಯ (ಅಮೆರಿಕ)

ಅಮಲಿನಲ್ಲಿ ಕಾಂಡೋಮ್ ಇಲ್ಲದೆ ನಡೆಯುವ ಲೈಂಗಿಕ ಸಂಪರ್ಕ, ಅದರಿಂದ ತಗಲುವ ಸೋಂಕು, ಬೇಡದ ಗರ್ಭ: ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಇವುಗಳಿಗೂ ಕುಡಿತಕ್ಕೂ ಇರುವ ನಂಟು ಅಮೆರಿಕದಲ್ಲಿ ವಿಸ್ತಾರವಾದ ಅಧ್ಯಯನಕ್ಕೆ ಒಳಗಾಗಿದೆ. ಮದ್ಯ ಕೊಳ್ಳಲು 21 ವರ್ಷ ತುಂಬಿರಬೇಕು ಎಂಬ ನಿಯಮಕ್ಕೆ 1984ರ ಕಾಯ್ದೆ ಅಲ್ಲಿನ ರಾಜ್ಯಗಳನ್ನು ಒಪ್ಪಿಸಿತು. ಆದರೂ ಹಾಸ್ಟೆಲ್ ಕೋಣೆಗಳ ಪಾರ್ಟಿ ನಿಲ್ಲಲಿಲ್ಲ.

ಹಾರ್ವರ್ಡ್‌ನ ಹೆನ್ರಿ ವೆಕ್ಸ್ಲರ್ ಮತ್ತು ಸಂಗಡಿಗರು 1993ರಲ್ಲಿ 140 ಕಾಲೇಜುಗಳ 17,592 ವಿದ್ಯಾರ್ಥಿಗಳನ್ನು ಸಮೀಕ್ಷಿಸಿದರು. ಒಂದೇ ಸಲ ಕೂತಾಗ ಗಂಡಸರು ಐದು, ಹೆಂಗಸರು ನಾಲ್ಕು ಪೆಗ್ ಅಥವಾ ಅದಕ್ಕಿಂತ ಹೆಚ್ಚು ಕುಡಿದರೆ ಅದನ್ನು 'ಮಿತಿಮೀರಿದ ಕುಡಿತ' ಎಂದು ಎಣಿಸಿದರು. ಹಿಂದಿನ ಎರಡು ವಾರಗಳಲ್ಲಿ ಹಾಗೆ ಕುಡಿದವರು ಶೇ. 44. ಪದೇಪದೇ ಹೀಗೆ ಕುಡಿಯುವವರಲ್ಲಿ, ಮುಂದಾಲೋಚನೆಯಿಲ್ಲದ, ರಕ್ಷಣೆಯಿಲ್ಲದ ಸಂಪರ್ಕ ಉಳಿದವರಿಗಿಂತ ಬಹಳ ಹೆಚ್ಚಾಗಿತ್ತು.

ಕಾರಣವೇನು? ಕ್ಲಾಡ್ ಸ್ಟೀಲ್ ಮತ್ತು ರಾಬರ್ಟ್ ಜೋಸೆಫ್ಸ್ 1990ರಲ್ಲಿ ಒಂದು ವಿವರಣೆ ಕೊಟ್ಟರು: ಅಮಲೇರಿದವನಿಗೆ ಎದುರಿಗಿರುವ ಆಸೆ ಢಾಳಾಗಿ ಕಾಣುತ್ತದೆ, ನಾಳಿನ ಪರಿಣಾಮ ಮಸುಕಾಗುತ್ತದೆ.

ಆದರೆ ಎಲ್ಲವೂ ಮದ್ಯದ ಮಹಿಮೆಯಲ್ಲ. ಜ್ಯಾಕ್ ಡಾರ್ಕ್ಸ್ ಮತ್ತು ಮಾರ್ಕ್ ಗೋಲ್ಡ್‌ಮನ್ 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹುಡುಗರ ಗುಂಪೊಂದಕ್ಕೆ ಪಾನೀಯ ಹಂಚಲಾಯಿತು. ಕೆಲವರ ಲೋಟದಲ್ಲಿ ಮಾತ್ರ ಮದ್ಯವಿತ್ತು. ಆಟ, ಹರಟೆ ಮುಗಿದ ಮೇಲೆ ಯಾರು ಮದ್ಯ ಕುಡಿದಿದ್ದಾರೆಂದು ಪರಸ್ಪರ ಊಹಿಸಬೇಕಿತ್ತು. ಊಹೆಗಳು ಎಡವಿದವು. 'ಕುಡಿದರೆ ಧೈರ್ಯ ಬರುತ್ತದೆ' ಎಂಬ ನಂಬಿಕೆಯೇ ಸಡಿಲಗೊಂಡು, ಅವರ ಕುಡಿತವೂ ಕಡಿಮೆಯಾಯಿತು.

ಇನ್ನೊಂದು ಕಾರಣ, 'ಎಲ್ಲರೂ ಕುಡಿಯುತ್ತಾರೆ' ಎಂಬ ಭ್ರಮೆ. ವಿದ್ಯಾರ್ಥಿಗಳು ಗೆಳೆಯರ ಕುಡಿತವನ್ನು ಇರುವುದಕ್ಕಿಂತ ಹೆಚ್ಚೆಂದು ಭಾವಿಸುತ್ತಾರೆ ಎಂಬುದನ್ನು ವೆಸ್ಲಿ ಪರ್ಕಿನ್ಸ್ ಮತ್ತು ಅಲನ್ ಬರ್ಕೊವಿಟ್ಜ್ 1986ರಲ್ಲೇ ತೋರಿಸಿದ್ದರು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅಲನ್ ಮಾರ್ಲಾಟ್ ತಂಡ ರೂಪಿಸಿದ 'ಬೇಸಿಕ್ಸ್' ಕಾರ್ಯಕ್ರಮ ಉಪದೇಶದ ಗೋಜಿಗೆ ಹೋಗದೆ, ವಿದ್ಯಾರ್ಥಿಯ ಕುಡಿತದ ಲೆಕ್ಕವನ್ನೂ ಓರಗೆಯವರ ಲೆಕ್ಕವನ್ನೂ ಅವನ ಮುಂದಿಡುತ್ತದೆ. ಸಾಮಾನ್ಯವಾಗಿ ಇದಕ್ಕೆ ಎರಡು ಭೇಟಿ ಸಾಕು.

ಅಮಲಿನಲ್ಲಿ ಮೈಮೇಲೆ ಎಚ್ಚರವಿಲ್ಲದವರ ಮೌನ ಒಪ್ಪಿಗೆಯಲ್ಲ. ಅಂಥವರೊಡನೆ ಸಂಪರ್ಕ ಅಪರಾಧದ ಪ್ರಶ್ನೆ. ರಕ್ಷಣೆ ತಪ್ಪಿದ್ದರೆ ಎಚ್‌ಐವಿ ತಡೆ ಔಷಧಿಯನ್ನು 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕು. ತುರ್ತು ಗರ್ಭನಿರೋಧಕ ಮಾತ್ರೆಯನ್ನು ಎಷ್ಟು ಬೇಗ ನುಂಗಿದರೆ ಅಷ್ಟು ಪರಿಣಾಮಕಾರಿ. ಭಾರತದಲ್ಲಿ, ಕರ್ನಾಟಕವೂ ಸೇರಿದಂತೆ, ಕಾಲೇಜುಗಳ ರೆಡ್ ರಿಬ್ಬನ್ ಕ್ಲಬ್‌ಗಳು ಎಚ್‌ಐವಿ ಅರಿವು ಮೂಡಿಸುತ್ತವೆ. ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097.