ಇನ್‌ಸ್ಟಿಟ್ಯೂಷನ್ ಅಂದರೆ ಏನು? – ಒಂದು ಮಾತಿನ ಚರಿತ್ರೆ



ನಮ್ಮ ಸಂಘವು ಇಪ್ಪತ್ತೈದು ವರ್ಷ ಪೂರೈಸಿ ಬೆಳ್ಳಿಹಬ್ಬ ಆಚರಿಸುತ್ತಿರುವುದು ನಮಗೆಲ್ಲ ಸಂತೋಷದ ಸಂಗತಿ. ಈ ಸಮಯದಲ್ಲಿ ಬಂದ ಗಣ್ಯರು ‘ನಿಮ್ಮ ಸೊಸೈಟಿ ಈಗ ಒಂದು ಇನ್‌ಸ್ಟಿಟ್ಯೂಷನ್ ಆಗಿದೆ’ ಅಂತ ಹೊಗಳುತ್ತಾರೆ. ಕೇಳಲಿಕ್ಕೆ ಹಿತವಾಗಿದೆ. ಆದರೆ ಆ ಮಾತಿನ ಅರ್ಥವೇನು, ಅದು ನಮಗೆ ಸಲ್ಲುತ್ತದೆಯೇ ಎಂದು ವಿಚಾರ ಮಾಡುವುದು ಒಳ್ಳೆಯದು.

ಈ ಇಂಗ್ಲಿಷ್ ಪದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ಅದಕ್ಕೆ ನಿಲ್ಲಿಸು, ಸ್ಥಾಪಿಸು ಎಂದು ಅರ್ಥ. ನಮ್ಮ ‘ಸಂಸ್ಥೆ’ ಬಂದದ್ದು ಸಂಸ್ಕೃತದ ‘ಸ್ಥಾ’ದಿಂದ, ಅಂದರೆ ನಿಲ್ಲು. ಎರಡೂ ಒಂದೇ ಮೂಲದವು ಅಂತ ಭಾಷಾಶಾಸ್ತ್ರ ಬಲ್ಲವರು ಹೇಳುತ್ತಾರೆ. ಸ್ಥಾನ, ಸ್ಥಾಪನೆ, ಸಂಸ್ಥಾನ ಎಲ್ಲವೂ ಅದೇ ಬಳ್ಳಿಯ ಕಾಯಿಗಳು.

ಈ ಮಾತಿಗೆ ಬಳಕೆಯಲ್ಲಿ ಮೂರು ಅರ್ಥ ಉಂಟು. ಒಂದು, ನಿಯಮ, ಕಚೇರಿ, ಲೆಕ್ಕಪತ್ರ ಇರುವ ಸಂಘಟನೆ. ಎರಡು, ಜನರಲ್ಲಿ ಬೇರೂರಿದ ಪದ್ಧತಿ. ‘ವಿವಾಹ ಸಂಸ್ಥೆ’ ಅನ್ನುತ್ತೇವಲ್ಲ, ಅದಕ್ಕೆ ಕಟ್ಟಡವೂ ಇಲ್ಲ, ಬೋರ್ಡೂ ಇಲ್ಲ. ಮೂರು, ಬಹಳ ಕಾಲ ಹೆಸರು ಉಳಿಸಿಕೊಂಡ ವ್ಯಕ್ತಿಗೋ ಜಾಗಕ್ಕೋ ಕೊಡುವ ಹೊಗಳಿಕೆ.

ಈ ಮೂರೂ ಅರ್ಥಗಳನ್ನು ಕಣ್ಣಾರೆ ನೋಡಬೇಕಾದರೆ ಬೆಂಗಳೂರಿನ ಹಳೇ ಬಡಾವಣೆಗಳಿಗೆ ಹೋಗಬೇಕು. ರೈತರಾದ ನಮಗೂ ಅಲ್ಲಿಗೂ ನಂಟಿದೆ. ಚಾಮರಾಜಪೇಟೆಯ ಪಂಪ ಮಹಾಕವಿ ರಸ್ತೆಯಲ್ಲಿ ರಾಜ್ಯ ಸಹಕಾರಿ ಅಪೆಕ್ಸ್ ಬ್ಯಾಂಕ್ ಇದೆ. ಅಲ್ಲಿಂದ ಜಿಲ್ಲಾ ಕೇಂದ್ರ ಬ್ಯಾಂಕಿಗೆ, ಅಲ್ಲಿಂದ ಹಳ್ಳಿಯ ಸೊಸೈಟಿಗೆ ಬೆಳೆಸಾಲದ ಹಣ ಇಳಿದು ಬರುತ್ತದೆ. ಅದೇ ರಸ್ತೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತೂ ಇದೆ. ಎರಡೂ ಹುಟ್ಟಿದ್ದು 1915ರಲ್ಲೇ. ಒಂದು ದುಡ್ಡಿನದು, ಇನ್ನೊಂದು ನುಡಿಯದು. ಎರಡೂ ನೂರು ವರ್ಷ ದಾಟಿವೆ. ಆರಂಭಿಸಿದವರು ಯಾರೂ ಈಗಿಲ್ಲ, ಬಾಗಿಲು ಮಾತ್ರ ತೆರೆದೇ ಇದೆ.

ಮಲ್ಲೇಶ್ವರದ ಆಚೆಗಿರುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಹಳೇ ಜನ ‘ಟಾಟಾ ಇನ್‌ಸ್ಟಿಟ್ಯೂಟ್’ ಅಂತಲೇ ಕರೀತಾರೆ. ಮೈಸೂರು ಸಂಸ್ಥಾನ ಅದಕ್ಕೆ 371 ಎಕರೆ ಜಮೀನು ಕೊಟ್ಟಿತು. ಅದು ಸ್ಥಾಪನೆ ಆದದ್ದು 1909ರಲ್ಲಿ. ಕನಸು ಕಂಡ ಜೆಮ್‌ಷೆಟ್‌ಜಿ ಟಾಟಾ ತೀರಿಹೋದದ್ದು 1904ರಲ್ಲಿ. ನೆಟ್ಟವರು ಮೊಳಕೆಯನ್ನೂ ನೋಡಲಿಲ್ಲ, ಆದರೂ ಮರ ಆಯಿತು.

ಬಸವನಗುಡಿ ಕಡೆ ಡಿ.ವಿ.ಜಿ.ಯವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. 1970ರಲ್ಲಿ ನಾಡಿನ ಜನ ಸನ್ಮಾನ ಮಾಡಿ ಅರ್ಪಿಸಿದ ಹಮ್ಮಿಣಿಯನ್ನು ಅವರು ಮನೆಗೆ ಒಯ್ಯಲಿಲ್ಲ, ಆ ಸಂಸ್ಥೆಗೇ ಕೊಟ್ಟರು. ಗೌರಿಬಿದನೂರು ಸೀಮೆಯ ಹೊಸೂರಿನ ಬಡ ಮನೆಯಿಂದ ಬೆಂಗಳೂರಿಗೆ ನಡೆದೇ ಬಂದ ಎಚ್. ನರಸಿಂಹಯ್ಯನವರು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬಾಳಿದರು. ಅವರನ್ನೇ ಒಂದು ಇನ್‌ಸ್ಟಿಟ್ಯೂಷನ್ ಅನ್ನುತ್ತಿದ್ದರು. ಆದರೆ ಅವರು 1962ರಲ್ಲಿ ಶುರು ಮಾಡಿದ ಬೆಂಗಳೂರು ಸೈನ್ಸ್ ಫೋರಂ, ಅವರು 2005ರಲ್ಲಿ ತೀರಿಕೊಂಡ ಮೇಲೂ ನಿಲ್ಲಲಿಲ್ಲ.

ಗಾಂಧಿಬಜಾರಿನ ವಿದ್ಯಾರ್ಥಿ ಭವನವನ್ನೂ ಜನ ಇನ್‌ಸ್ಟಿಟ್ಯೂಷನ್ ಅನ್ನುತ್ತಾರೆ. 1943ರಲ್ಲಿ ವಿದ್ಯಾರ್ಥಿಗಳಿಗೆಂದು ಆರಂಭವಾದ ಹೋಟೆಲು ಅದು. 1970ರಲ್ಲಿ ಮಾಲೀಕರು ಬದಲಾದರು, ದೋಸೆ ಮಾತ್ರ ಬದಲಾಗಲಿಲ್ಲ. ಅಲ್ಲಿ ಬೈಲಾ ಇಲ್ಲ, ಮಹಾಸಭೆ ಇಲ್ಲ. ಇದ್ದದ್ದು ಒಂದೇ, ಬಂದವರಿಗೆ ಹುಟ್ಟಿದ ನಂಬಿಕೆ.

ಇಷ್ಟೆಲ್ಲ ನೋಡಿದ ಮೇಲೆ ನಮಗೆ ತೋರುವುದು ಇಷ್ಟೇ. ಕಟ್ಟಿದ ಕೈ ಬಿಟ್ಟ ಮೇಲೂ ನಿಲ್ಲುವುದು ಸಂಸ್ಥೆ. ಕೈ ಬಿಟ್ಟ ಕೂಡಲೇ ಬೀಳುವುದು ಬರೀ ಚಪ್ಪರ.

ಹಳ್ಳಿಯವರಿಗೆ ಇದು ಆಗದ ಕೆಲಸವೇನಲ್ಲ. 1904ರ ಸಹಕಾರ ಕಾನೂನು ಬಂದ ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಣ್ಣ ಊರಿನ ಆ ಕೆಲಸವನ್ನು ದೇಶವೇ ನೆನೆಯುತ್ತದೆ.

ಈಗ ನಮ್ಮ ವಿಷಯ. ಕಾಗದದ ಪ್ರಕಾರ ನಾವು ಇಪ್ಪತ್ತೈದು ವರ್ಷದಿಂದ ಸಂಸ್ಥೆಯೇ. ಆದರೆ ಊರಲ್ಲಿ ಕೆಲವರು ಈಗಲೂ ಸೊಸೈಟಿಯನ್ನು ‘ಗೊಬ್ಬರದ ಅಂಗಡಿ’ ಅನ್ನುತ್ತಾರೆ. ಸಾಲ ಬೇಕಾದಾಗ ‘ನಮ್ಮ ಸೊಸೈಟಿ’, ವಾಯಿದೆ ಬಂದಾಗ ‘ನಿಮ್ಮ ಸೊಸೈಟಿ’! ಮಹಾಸಭೆಗೆ ಬಂದವರಲ್ಲಿ ಅರ್ಧ ಜನ ಲೆಕ್ಕ ಓದುವ ಮೊದಲೇ ಎದ್ದು ಹೋಗ್ತಾರೆ. ಮೊದಲ ಷೇರು ಹಣ ಕಟ್ಟಿದ ಹಿರಿಯರು ಒಬ್ಬೊಬ್ಬರಾಗಿ ನಮ್ಮನ್ನು ಅಗಲುತ್ತಿದ್ದಾರೆ. ಅವರ ಷೇರು ಮಕ್ಕಳ ಹೆಸರಿಗೆ ಬಂದರೆ ಸಾಲದು, ಅವರ ಮುತುವರ್ಜಿಯೂ ಬರಬೇಕು.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ: ಲೆಕ್ಕ ಕೇಳಿರಿ, ವಾಯಿದೆಗೆ ಸರಿಯಾಗಿ ಸಾಲ ಕಟ್ಟಿರಿ, ಮನೆಯ ಹುಡುಗರನ್ನೂ ಹೆಣ್ಣುಮಕ್ಕಳನ್ನೂ ಸದಸ್ಯರನ್ನಾಗಿ ಮಾಡಿರಿ. ನಿರ್ದೇಶಕರಾದ ನಾವು ಇಂದು ಇದ್ದೇವೆ, ನಾಳೆ ಬೇರೆಯವರು ಬರುತ್ತಾರೆ. ಯಾರೇ ಬರಲಿ, ಸಂಘ ನಿಂತಿರಲಿ. ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಇನ್‌ಸ್ಟಿಟ್ಯೂಷನ್ ಎಂಬ ಮಾತನ್ನು ಗಣ್ಯರಲ್ಲ, ಊರಿನ ಸದಸ್ಯರೇ ಬರೆಯುವಂತಾಗಲಿ ಎಂದು ಹಾರೈಸುತ್ತೇವೆ.