ಬಂಗಾರದ ಗಣಿಯಲ್ಲಿ ಮ್ಯುವಾನ್ ಬೇಟೆ

ಕೋಲಾರದ ಚಿನ್ನದ ಗಣಿಗಳಲ್ಲಿ ಜಾನ್ ಟೇಲರ್ ಕಂಪನಿಯ ದರ್ಬಾರು ಇನ್ನೂ ಮುಗಿಯದಿದ್ದ ಕಾಲವದು. 1902ರಲ್ಲೇ ಶಿವನಸಮುದ್ರದ ವಿದ್ಯುತ್ತನ್ನು ಕಂಡಿದ್ದ ಆ ಗಣಿಗಳು ಅಷ್ಟರಲ್ಲಿ ಲೋಕದ ಅತಿ ಆಳದ ಗಣಿಗಳ ಸಾಲಿಗೆ ಸೇರಿದ್ದವು. 1951ರಲ್ಲಿ ಬಂಗಾರದ ಗೊಡವೆಯೇ ಇಲ್ಲದ ಒಬ್ಬ ತರುಣ ವಿಜ್ಞಾನಿ ಅಲ್ಲಿ ಇಳಿದರು. ನಂಜನಗೂಡಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಓದಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದ್ದ ಬಿ. ವಿ. ಶ್ರೀಕಂಠನ್ ಅವರು. ಕಳುಹಿಸಿದವರು ಆ ಸಂಸ್ಥೆಯ ಸ್ಥಾಪಕ ಹೋಮಿ ಭಾಭಾ. ಕೈಯಲ್ಲಿದ್ದದ್ದು ಗೈಗರ್ ಕೌಂಟರುಗಳು; ಹುಡುಕಬೇಕಾಗಿದ್ದದ್ದು ಮ್ಯುವಾನುಗಳನ್ನು.

ವಿಶ್ವಕಿರಣಗಳು ವಾಯುಮಂಡಲದ ಮೇಲ್ಪದರಕ್ಕೆ ಬಡಿದಾಗ ಈ ಕಣಗಳು ಹುಟ್ಟುತ್ತವೆ. ಎಲೆಕ್ಟ್ರಾನಿಗಿಂತ ಇನ್ನೂರು ಪಟ್ಟಿಗೂ ಮಿಕ್ಕ ತೂಕ, ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಎರಡು ಭಾಗದಷ್ಟು ಆಯುಸ್ಸು. ಇಷ್ಟು ಅಲ್ಪಾಯುಗಳಾದರೂ ಹೆಚ್ಚುಕಡಿಮೆ ಬೆಳಕಿನಷ್ಟೇ ವೇಗದಿಂದಾಗಿ ನೆಲ ಮುಟ್ಟುತ್ತವೆ, ಬಂಡೆಯನ್ನೂ ಹೊಗುತ್ತವೆ. ಎಷ್ಟು ಆಳಕ್ಕೆ ಎಷ್ಟು ಉಳಿಯುತ್ತವೆ ಎಂದು ಎಣಿಸಿದರೆ ಮೇಲೆ ಅವುಗಳಿಗಿದ್ದ ಶಕ್ತಿಯ ಲೆಕ್ಕ ಸಿಗುತ್ತದೆ. ಗಣಿಗಾರರು ಒಡೆದು ಹೊರಗೆಸೆಯುತ್ತಿದ್ದ ಕಲ್ಲೇ ಹೀಗೆ ಭೌತವಿಜ್ಞಾನಿಗಳ ಪಾಲಿಗೆ ಜರಡಿಯಾಯಿತು.

ವರ್ಷ ಕಳೆದಂತೆ ಶೋಧಕಗಳು ಒಂದೊಂದೇ ಹಂತ ಕೆಳಗಿಳಿದವು. ಈ ಕೆಲಸ ಹೇಳಿದಷ್ಟು ಸುಲಭದ್ದಲ್ಲ. ಆ ಆಳದಲ್ಲಿ ಬಂಡೆಯೇ ಕಾದಿರುತ್ತದೆ. ಕೋಲಾರದ ಗಣಿಗಳಂತೂ 'ರಾಕ್ ಬರ್ಸ್ಟ್'ಗೆ ಕುಖ್ಯಾತ, ಒತ್ತಡ ತಾಳದೆ ಸುರಂಗದ ಗೋಡೆಯೇ ಸಿಡಿದುಬಿಡುತ್ತಿತ್ತು. ಕಾರ್ಮಿಕರು ಇಳಿಯುವ ಕೇಜಿನಲ್ಲೇ ಸೀಸ, ಕಬ್ಬಿಣ, ಕೌಂಟರುಗಳೆಲ್ಲ ಇಳಿಯಬೇಕಿತ್ತು. ಈ ಅಧ್ಯಾಯದ ಕಾಲು ಪಾಲು ಕೀರ್ತಿಯಾದರೂ ಹೆಸರು ದಾಖಲಾಗದ ಆ ಗಣಿ ಕಾರ್ಮಿಕರದ್ದು ಎಂದು ನನ್ನ ಎಣಿಕೆ.

ಅರವತ್ತರ ದಶಕದ ಆರಂಭದಲ್ಲಿ ಮಿಯಾಕೆ, ನರಸಿಂಹಂ, ರಮಣಮೂರ್ತಿ ಅವರ ತಂಡ ಸುಮಾರು 2760 ಮೀಟರು ಆಳದಲ್ಲಿ ಉಪಕರಣವನ್ನಿಟ್ಟು ಕಾದಿತು. ಎರಡು ತಿಂಗಳು ಕಾದರೂ ಒಂದು ಮ್ಯುವಾನೂ ಬರಲಿಲ್ಲ. ಬೇರೆ ಯಾರಾದರೂ ಇದನ್ನು ಸೋಲೆಂದು ಬರೆದಿಟ್ಟು ಮೇಲೆ ಬರುತ್ತಿದ್ದರೇನೋ. ಇವರು ತಿರುಗಿಸಿ ಯೋಚಿಸಿದರು: ಆಕಾಶದ ಮ್ಯುವಾನುಗಳೇ ತಲುಪದ ಕಡೆ ಒಂದು ಮ್ಯುವಾನ್ ಕಂಡರೆ, ಅದು ಎಂಥ ಬಂಡೆಯನ್ನೂ ಸಲೀಸಾಗಿ ದಾಟಬಲ್ಲ ನ್ಯೂಟ್ರಿನೋ ಎಂಬ ಕಣ ಅಲ್ಲೇ ಬಂಡೆಯೊಳಗೆ ಬಡಿದು ಹುಟ್ಟಿದ್ದಾಗಿರಬೇಕು. ಅಡ್ಡಡ್ಡ ಹಾಯುವ ಕಣವಾದರಂತೂ ಸಂಶಯವೇ ಬೇಡ; ಆ ದಿಕ್ಕಿನಲ್ಲಿ ಎದುರಾಗುವ ಕಲ್ಲನ್ನು ದಾಟಿ ಯಾವ ಆಕಾಶದ ಮ್ಯುವಾನೂ ಬರಲಾರದು.

ಎಂ. ಜಿ. ಕೆ. ಮೆನನ್ ಅವರ ಮುಂದಾಳತ್ವದಲ್ಲಿ ಟಾಟಾ ಸಂಸ್ಥೆ, ಇಂಗ್ಲೆಂಡಿನ ಡರ್ಹಮ್, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯಗಳು ಒಂದಾದವು. ಚಾಂಪಿಯನ್ ರೀಫ್‌ನ ಹೀತ್‌ಕೋಟ್ ಶಾಫ್ಟಿನಲ್ಲಿ, 2.3 ಕಿಲೋಮೀಟರು ಕೆಳಗೆ, ಕಣ ಹಾಯ್ದಾಗ ಬೆಳಗುವ ಪ್ಲಾಸ್ಟಿಕ್ ಸಿಂಟಿಲೇಟರುಗಳ ಗೋಡೆಗಳು ಎದುರುಬದುರು ನಿಂತವು. ನಡುವೆ ಕಣದ ಹಾದಿಯನ್ನು ಮಿಂಚಿ ತೋರಿಸುವ ನಿಯಾನ್ ಕೊಳವೆಗಳು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನ್ಸ್ ಅವರ ತಂಡವೂ ಇದೇ ಬೇಟೆಯಲ್ಲಿತ್ತು. ಮೊದಲು ಕಣ ಸಿಕ್ಕಿದ್ದು ಅವರಿಗೆ, 1965ರ ಫೆಬ್ರವರಿಯಲ್ಲಿ. ಮೊದಲು ಅಚ್ಚಾದದ್ದು ಕೋಲಾರದ ವರದಿ, ಆಗಸ್ಟ್ 15ರಂದು. ಅವರದು ಅದೇ ತಿಂಗಳ ಕೊನೆಗೆ ಬಂತು. ವಾಯುಮಂಡಲದ ನ್ಯೂಟ್ರಿನೋ ಹೀಗೆ ಎರಡು ಬಂಗಾರದ ಗಣಿಗಳಲ್ಲಿ ಮೊದಲ ಬಾರಿಗೆ ಮನುಷ್ಯನ ಲೆಕ್ಕಕ್ಕೆ ಸಿಕ್ಕಿತು. ಭಾಭಾ ಅದನ್ನು ಕಂಡರು; ಮರುವರ್ಷ ಜನವರಿಯಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡರು.

ಮುಂದಿನ ಅಧ್ಯಾಯ 1980ರ ಪ್ರೋಟಾನ್ ಕ್ಷಯದ ಪ್ರಯೋಗ. ಶೋಧಕದ ತೂಕ 140 ಟನ್. ಚೌಕಾಕಾರದ ಕಬ್ಬಿಣದ ಕೊಳವೆಗಳಲ್ಲಿ ಅನಿಲ ತುಂಬಿದ ಪ್ರಪೋರ್ಷನಲ್ ಕೌಂಟರುಗಳ 34 ಪದರ. ಪ್ರೋಟಾನ್ ಸತ್ತ ಗುರುತು ಸಿಕ್ಕಿತೆಂದು ಕೆಲಕಾಲ ಅನ್ನಿಸಿತು. ಅಮೆರಿಕ, ಜಪಾನುಗಳ ದೊಡ್ಡ ಶೋಧಕಗಳು ಅದನ್ನು ಎತ್ತಿಹಿಡಿಯಲಿಲ್ಲ. ತೊಂಬತ್ತರ ದಶಕದ ಮೊದಲಲ್ಲಿ ಪ್ರಯೋಗ ನಿಂತಿತು. 2001ರ ಫೆಬ್ರವರಿಯಲ್ಲಿ ಗಣಿಯೇ ಮುಚ್ಚಿತು.

ಆದರೆ ಆ ಕಬ್ಬಿಣದ ಕೊಳವೆಗಳ ವಂಶ ಉಳಿಯಿತು. ಊಟಿಯ ಗ್ರೇಪ್ಸ್-3 ಎಂಬ ವಿಶ್ವಕಿರಣ ಪ್ರಯೋಗದಲ್ಲಿ ಅದೇ ಬಗೆಯ, ಆರು ಮೀಟರು ಉದ್ದದ 3712 ಕೌಂಟರುಗಳು ಕಾಂಕ್ರೀಟಿನಡಿ ಮ್ಯುವಾನುಗಳನ್ನು ಎಣಿಸತೊಡಗಿದವು. ಮ್ಯುವಾನನ್ನೇ ಕಣ್ಣಾಗಿಸಿ ವಸ್ತುವಿನ ಒಳಗನ್ನು ನೋಡುವ ವಿದ್ಯೆ ಆಗಲೇ ಹಳತಾಗಿತ್ತು. ಭೌತವಿಜ್ಞಾನಿ ಲೂಯಿ ಅಲ್ವಾರೆಜ್ ಈಜಿಪ್ಟಿನ ಖಾಫ್ರೆ ಪಿರಮಿಡ್ಡಿನಲ್ಲಿ ಗುಪ್ತ ಕೋಣೆಗಾಗಿ ಹುಡುಕಿ, ಹುಡುಕಿದ ಭಾಗದಲ್ಲಿ ಇಲ್ಲವೆಂದು 1970ರಲ್ಲಿ ಬರೆದಿದ್ದರು. ಊಟಿಯವರು ನೋಡಿದ್ದು ಕಲ್ಲನ್ನಲ್ಲ, ಮೋಡವನ್ನು. 2014ರ ಡಿಸೆಂಬರ್ 1ರಂದು ಹಾದುಹೋದ ಗುಡುಗುಮೋಡದ ಅಡಿ ಮ್ಯುವಾನುಗಳ ಎಣಿಕೆ ನೂರಕ್ಕೆ ಎರಡರಷ್ಟು ಇಳಿಯಿತು. ಮೋಡದ ವಿದ್ಯುತ್ ಕ್ಷೇತ್ರ ಮ್ಯುವಾನುಗಳ ಶಕ್ತಿಯನ್ನು ಬದಲಿಸಿದ್ದರಿಂದಾದ ಆ ಕೊರತೆಯಿಂದಲೇ ಮೋಡದೊಳಗಿನ ವಿದ್ಯುದ್ವಿಭವ ಸುಮಾರು 130 ಕೋಟಿ ವೋಲ್ಟ್ ಎಂಬ ಲೆಕ್ಕ 2019ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಶ್ರೀಕಂಠನ್ ತೀರಿಕೊಂಡರು.

ಹೇಳದೆ ಉಳಿದದ್ದು 'ಕೋಲಾರ ಘಟನೆಗಳು'. ನ್ಯೂಟ್ರಿನೋ ಶೋಧಕಗಳು ಕಂಡ ಕೆಲವೇ ಗುರುತುಗಳಲ್ಲಿ ಎರಡು ಮೂರು ಕಣಗಳ ಹಾದಿಗಳು ಒಂದೇ ಬಿಂದುವಿನಿಂದ ಕವಲೊಡೆದಿದ್ದವು. ಆ ಬಿಂದು ಬಂಡೆಯಲ್ಲಿರದೆ ಬಂಡೆಗೂ ಶೋಧಕಕ್ಕೂ ನಡುವಿನ ಬರಿಯ ಗಾಳಿಯಲ್ಲಿತ್ತು. 1975ರಲ್ಲಿ ವರದಿಯಾದ ಇವುಗಳಿಗೆ ಯಾರೂ ತೃಪ್ತಿಕರ ಕಾರಣ ಕೊಡಲಿಲ್ಲ. ಸುಮಾರು ನಾಲ್ಕು ದಶಕಗಳ ಬಳಿಕ ಭೌತವಿಜ್ಞಾನಿಗಳಾದ ಎಂ. ವಿ. ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ಹಳೆಯ ಕಡತವನ್ನು ಮತ್ತೆ ತೆರೆದರು. ವಿಶ್ವವನ್ನೆಲ್ಲ ತುಂಬಿರುವ ಕಪ್ಪು ದ್ರವ್ಯದ ಕಣ, ಪ್ರೋಟಾನಿಗಿಂತ ಹಲವು ಪಟ್ಟು ಭಾರದ್ದು, ಹಾರುತ್ತಿರುವಾಗಲೇ ಒಡೆದು ಹೀಗೆ ಕಂಡಿರಬಹುದೆ ಎಂದು ಕೇಳಿದರು. ಬೆರಳೆಣಿಕೆಯ ಘಟನೆಗಳ ಮೇಲೆ ನಿಂತ ಊಹೆ ಇದು. ನಂಬುವುದಕ್ಕೆ ಸಾಲದು, ತಳ್ಳಿಹಾಕುವುದಕ್ಕೂ ಮನಸ್ಸು ಬಾರದು. ತಮಿಳುನಾಡಿನ ತೇನಿ ಜಿಲ್ಲೆಯ ಬೆಟ್ಟದಡಿ ಯೋಜಿಸಿದ್ದ ನ್ಯೂಟ್ರಿನೋ ವೀಕ್ಷಣಾಲಯದ ಗುಹೆಯ ಗೋಡೆಗಳಿಗೂ ಶೋಧಕಗಳನ್ನು ಹೊದಿಸಿದರೆ ಇದನ್ನು ಪರೀಕ್ಷಿಸಬಹುದೆಂಬ ಲೆಕ್ಕವೂ ಬಂತು. ಆ ಯೋಜನೆಗೆ 2015ರ ಜನವರಿಯಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು. ಬಳಿಕ ಅದು ಸ್ಥಳೀಯರ ವಿರೋಧಕ್ಕೂ ಪರಿಸರದ ವ್ಯಾಜ್ಯಗಳಿಗೂ ಸಿಕ್ಕಿ ನಿಂತುಹೋಯಿತು.