ರಾಜಪಥ, ಪೌರರು ಮತ್ತು ಮುಲುಂಡಿನ ನಗರಯೋಜನೆ

ಮುಂಬಯಿ ಮಹಾನಗರದ ಈಶಾನ್ಯ ಎಲ್ಲೆಯಲ್ಲಿರುವ ಮುಲುಂಡನ್ನು ಕುರಿತ ಬರೆಹಗಳು ಸಾಮಾನ್ಯವಾಗಿ 1922ರಿಂದ ಆರಂಭವಾಗುತ್ತವೆ. ಝವೇರಭಾಯಿ ರಾಮಜಿ ಶೇಠರು ಕ್ರೌನ್ ಮತ್ತು ಕಾರ್ಟರ್ ಎಂಬ ವಾಸ್ತುಶಿಲ್ಪಿಗಳಿಂದ ಊರಿನ ನಕ್ಷೆಯನ್ನು ಸಿದ್ಧಪಡಿಸಿದ್ದು ಆ ವರ್ಷ. ರೈಲು ನಿಲ್ದಾಣದ ಪಶ್ಚಿಮಕ್ಕೆ ಒಂದನ್ನೊಂದು ನೇರವಾಗಿ ಹಾಯುವ ಬೀದಿಗಳೂ ಐದು ದಾರಿಗಳು ಕೂಡುವ ಪಾಂಚ್ ರಸ್ತಾ ಎಂಬ ಸ್ಥಳವೂ ಆ ಯೋಜನೆಯ ಫಲ. ಆದರೆ ಈ ಪ್ರದೇಶದ ಪೌರಜೀವನದ ಚರಿತ್ರೆಯನ್ನು ಅಲ್ಲಿಂದಲೇ ತೊಡಗುವುದು ಸರಿಯಲ್ಲವೆಂದು ನಮಗೆ ತೋರುತ್ತದೆ.

ಮುಲುಂಡಿಗೆ ತಾಗಿಕೊಂಡಿರುವ ಭಾಂಡುಪಿನಲ್ಲಿ ದೊರೆತ ಶಿಲಾಹಾರ ಛಿತ್ತರಾಜನ ತಾಮ್ರಶಾಸನವು ಶಕ 948ರದು, ಅಂದರೆ ಕ್ರಿ.ಶ. 1026ರದು. ಷಟ್‌ಷಷ್ಟಿ ವಿಷಯದ, ಎಂದರೆ ಇಂದಿನ ಸಾಷ್ಟಿಯ, ನೌರ ಗ್ರಾಮದಲ್ಲಿ ಕೊಟ್ಟ ಹೊಲವೊಂದರ ಎಲ್ಲೆಗಳನ್ನು ಹೇಳುವಾಗ ಅದು ರಾಜಪಥವೊಂದನ್ನು ಹೆಸರಿಸುತ್ತದೆ. ಈ ಹಾದಿ ಮುಂಬಯಿಯಿಂದ ಠಾಣೆಗೆ ಹೋಗುವ ಹೆದ್ದಾರಿಯ ಜಾಡಿನಲ್ಲಿಯೇ ಇದ್ದಿತೆಂದು ಹತ್ತೊಂಬತ್ತನೆಯ ಶತಮಾನದ ಗ್ಯಾಸೆಟಿಯರಿನ ಕರ್ತೃಗಳು ಊಹಿಸಿದ್ದಾರೆ. ಊಹೆ ಸರಿಯಾದರೆ, ಮುಲುಂಡಿನ ಮುಖ್ಯ ಮಾರ್ಗಕ್ಕೆ ನಕ್ಷೆಗಿಂತ ಒಂಬೈನೂರು ವರ್ಷ ಹೆಚ್ಚಿನ ವಯಸ್ಸಾಯಿತು.

ರಾಜಧಾನಿ ಸ್ಥಾನಕವು, ಅಂದರೆ ಠಾಣೆಯು, ಇಲ್ಲಿಗೆ ಬಹು ಸಮೀಪ. ಈ ಅರಸರು ತಮ್ಮನ್ನು ತಗರಪುರದ ಒಡೆಯರೆಂದು ಕರೆದುಕೊಂಡರು. ಅವರ ಬಿರುದುಗಳಲ್ಲಿ ಕೆಲವು ಅಚ್ಚಗನ್ನಡದವು. ಮುಂಬಯಿ ಕನ್ನಡಿಗರ ಚರಿತ್ರೆಯನ್ನು ಉಡುಪಿ ಹೋಟೆಲುಗಳಿಂದ ಆರಂಭಿಸುವವರು ಇದನ್ನು ಮರೆಯುತ್ತಾರೆ.

ಹೆಚ್ಚು ಮುಖ್ಯವಾದುದು ಇನ್ನೊಂದು ಸಂಗತಿ. ಉತ್ತರ ಕೊಂಕಣದ ಶಿಲಾಹಾರ ದಾನಪತ್ರಗಳು ಮಂತ್ರಿ, ಪುರೋಹಿತ, ಅಧಿಕಾರಿಗಳ ಜೊತೆಗೆ ಹಂಯಮನ ನಗರದ ಪೌರ ತ್ರಿವರ್ಗವನ್ನೂ ಸಂಬೋಧಿಸುತ್ತವೆ. ಇದನ್ನು ಜನಸಹಭಾಗಿತ್ವವೆಂದು ಕೊಂಡಾಡುವುದು ಅತಿಯಾದೀತು: ಅರಸನು ಪೌರರನ್ನು ಕೇಳುತ್ತಿರಲಿಲ್ಲ, ಅವರಿಗೆ ತಿಳಿಸುತ್ತಿದ್ದನು. ಕರ್ನಾಟಕದ ಶಾಸನಗಳಲ್ಲಿ ಮಹಾಜನರು, ನಖರಗಳು, ಗಾವುಂಡರು ತಾವೇ ಕೂಡಿ ದತ್ತಿ ಬಿಡುವುದನ್ನು, ದತ್ತಿಯ ಪಾಲನೆಗೆ ಹೊಣೆಯಾಗುವುದನ್ನು ಕಾಣುತ್ತೇವೆ. ತಿಳಿಸಿಕೊಳ್ಳುವ ಪೌರನಿಗೂ ತೀರ್ಮಾನಿಸುವ ಮಹಾಜನರಿಗೂ ಇರುವ ಈ ಅಂತರವೇ ಸ್ಥಳೀಯ ಆಡಳಿತದ ಅಳತೆಗೋಲಾಗಬೇಕು.

ಆಧುನಿಕ ಮುಲುಂಡಿಗೂ ಇದು ಅನ್ವಯಿಸುತ್ತದೆ. 1922ರ ಯೋಜನೆ ಅಚ್ಚುಕಟ್ಟಾದುದು, ಆದರೆ ಅದು ಭೂಮಿಯ ಒಡೆಯರದು. 1950ರಲ್ಲಿ ಬೃಹನ್ಮುಂಬಯಿಯ ಎಲ್ಲೆ ಭಾಂಡುಪಿನವರೆಗೆ ಬಂದು ನಿಂತಿತು. 1957ರಲ್ಲಿ ಮುಲುಂಡೂ ಒಳಸೇರಿ ಮುಂದೆ ‘ಟಿ’ ವಾರ್ಡಾಯಿತು. 1992ರ 74ನೆಯ ಸಂವಿಧಾನ ತಿದ್ದುಪಡಿಯು ಮೂರು ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿತು. ಆದರೆ ಒಂದು ಸಮಿತಿಗೆ ಹಲವು ವಾರ್ಡುಗಳಿರಬಹುದೆಂಬ ಅವಕಾಶವನ್ನೂ ಉಳಿಸಿತು. ಮುಂಬಯಿಯಲ್ಲಿ ಆ ಅವಕಾಶವನ್ನು ಧಾರಾಳವಾಗಿ ಬಳಸಿಕೊಳ್ಳಲಾಯಿತು. ಭಾಂಡುಪಿನ ‘ಎಸ್’ ವಾರ್ಡಿಗೂ ಮುಲುಂಡಿನ ‘ಟಿ’ ವಾರ್ಡಿಗೂ ಸೇರಿ ಒಂದೇ ಸಮಿತಿ. ಸಮಿತಿಯ ವ್ಯಾಪ್ತಿ ಹಿಗ್ಗಿದಷ್ಟೂ ನಾಗರಿಕನು ಅದರಿಂದ ದೂರವಾಗುತ್ತಾನೆ.

2022ರ ಮಾರ್ಚಿನಲ್ಲಿ ಚುನಾಯಿತ ಸಭೆಯ ಅವಧಿ ಮುಗಿದ ಮೇಲೆ, 2026ರ ಜನವರಿಯಲ್ಲಿ ಚುನಾವಣೆ ನಡೆಯುವವರೆಗೂ, ಪಾಲಿಕೆಯು ಆಡಳಿತಾಧಿಕಾರಿಯ ಕೈಯಲ್ಲಿತ್ತು. ಆ ಸುಮಾರು ನಾಲ್ಕು ವರ್ಷ ಮುಲುಂಡಿನ ಪೌರನು ಛಿತ್ತರಾಜನ ಕಾಲದ ಪೌರನಂತೆ ತಿಳಿಸಿಕೊಳ್ಳುವವನಷ್ಟೇ ಆಗಿದ್ದನು. ಅದಕ್ಕೆ ಮುಂಚಿನ ಸಮಿತಿಯ ನಡಾವಳಿಗಳಲ್ಲಿ ಮುಲುಂಡಿನ ಪ್ರಶ್ನೆಗಳೆಷ್ಟು, ಭಾಂಡುಪಿನವೆಷ್ಟು ಎಂಬುದನ್ನು ಎಣಿಸಿ ನೋಡುವ ಕೆಲಸವನ್ನು ಮರಾಠಿ ಬಲ್ಲ ಕನ್ನಡ ಸಂಶೋಧಕರೊಬ್ಬರು ಕೈಗೊಳ್ಳಬೇಕೆಂಬುದು ನಮ್ಮ ಅಪೇಕ್ಷೆ.